ಯಾವ ಎಣ್ಣೆ ಹೊಡೆದಿದ್ರಿ?

ಬ್ಯಾಡಗಿ ಕಡೆ ನಮ್ಮೂರಲ್ಲಿ ಕೀಟನಾಶಕಕ್ಕೆ ಎಲ್ಲರೂ ಎಣ್ಣೆ ಅಂತಲೇ ಹೇಳುತ್ತಾರೆ. ಹೋದ ವರ್ಷ ಮೆಣಸಿನಗಿಡಕ್ಕೆ ಎಣ್ಣೆ ಹೊಡೆಯುತ್ತಿದ್ದ ನಮ್ಮ ಕಾಕಾ ಹೊಲದಲ್ಲೇ ಬಿದ್ದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಯಾವ ಎಣ್ಣೆ ಹೊಡೆದಿದ್ರಿ?"

ಕಾಕಾನ ಮಗ ಬಾಟಲಿ ತೋರಿಸಿದ. "ಚೀಟಿ ಹರಿದು ಹೋಗೇತ್ರಿ ಸರ." ಡಾಕ್ಟರು ಲಕ್ಷಣ ನೋಡಿಯೇ ಅಟ್ರೋಪಿನ್ ಅನ್ನೋ ಮದ್ದು ಕೊಟ್ಟು ಉಳಿಸಿದರು. ಅವರಿಗೆ ಎಷ್ಟು ಕೈ ಮುಗಿದರೂ ಕಡಿಮೆ. ಆದರೆ ಎಲ್ಲ ವಿಷಕ್ಕೂ ಅಟ್ರೋಪಿನ್ ನಡೆಯುವುದಿಲ್ಲ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಮೈಗೆ ಸೇರಿದ್ದರೆ, ಬೇಕಿಲ್ಲದೆ ಕೊಟ್ಟ ಆಮ್ಲಜನಕವೇ ಶ್ವಾಸಕೋಶವನ್ನು ಇನ್ನಷ್ಟು ಕೆಡಿಸುತ್ತದೆ. ಹೆಸರು ಗೊತ್ತಾಗಲೇಬೇಕು, ಅಲ್ವಾ?

ಅದನ್ನು ಹೇಳುವ ಯಂತ್ರ ಈಗಾಗಲೇ ಇದೆ. ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು. 1928ರಲ್ಲಿ ಸಿ.ವಿ. ರಾಮನ್ ಕಂಡ ಬೆಳಕಿನ ಗುಣವೇ ಅದರ ಜೀವ. ಬಾಟಲಿಗೆ ಲೇಸರ್ ಬಿಟ್ಟರೆ ಚದುರಿ ಬರುವ ಬೆಳಕಲ್ಲಿ ಒಂದೊಂದು ರಾಸಾಯನಿಕಕ್ಕೂ ಬೇರೆ ಗುರುತು ಇರುತ್ತದೆ, ಹೆಬ್ಬೆಟ್ಟಿನ ಹಾಗೆ. ಎಷ್ಟೋ ಸಲ ಮುಚ್ಚಳ ತೆಗೆಯೋದೂ ಬೇಡ. ಎರಡು ಎಣ್ಣೆ ಬೆರೆತರೆ ಗುರುತು ಒಂದರ ಮೇಲೊಂದು ಬೀಳುತ್ತದೆ. ಬಣ್ಣದ ದ್ರವವಾದರೆ ಅದರ ಹೊಳಪೇ ಗುರುತನ್ನು ಮುಚ್ಚಿಬಿಡಬಹುದು. ಆ ಗೋಜಲು ಬಿಡಿಸೋಕೆ ಎಐ ಬೇಕು. ನೀರು ಜಾಸ್ತಿ ಬೆರೆಸಿ ಸಿಂಪಡಿಸುವ ಪಂಪಿಗೆ ತುಂಬಿದ ಎಣ್ಣೆಯಲ್ಲಿ ಗುರುತು ಸಿಗೋದು ಕಷ್ಟ, ಬಾಟಲಿಯನ್ನೇ ತರಬೇಕು.

ಹಲವು ದೇಶಗಳಲ್ಲಿ ಸೈನ್ಯ, ಪೊಲೀಸರ ಕೈಯಲ್ಲಿ ಇಂಥ ಯಂತ್ರಗಳಿವೆ, ವಿಷದ ದಾಳಿಯನ್ನು ಪತ್ತೆಹಚ್ಚೋಕೆ. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಸಾರಿನ್ ಅನ್ನೋ ವಿಷಾನಿಲ ಬಿಟ್ಟದ್ದನ್ನು ಜಗತ್ತು ಮರೆತಿಲ್ಲ. ಸಾರಿನ್ ಕೆಡಿಸುವ ನರಗಳ ಕಿಣ್ವವನ್ನೇ ನಮ್ಮ ಹೊಲಗಳಲ್ಲಿ ಹೊಡೆಯುತ್ತಿದ್ದ ಮಾನೊಕ್ರೋಟೋಫಾಸ್ ಅನ್ನೋ ಎಣ್ಣೆ ಕೂಡ ಕೆಡಿಸುತ್ತದೆ. 2018ರಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಬೆರೆಸಿದ್ದು ಅದನ್ನೇ. 17 ಜನ ಹೋದರು. ಅಪಾಯ ಬಂದೂಕು ಹಿಡಿದೇ ಬರಬೇಕು ಅಂತೇನಿಲ್ಲ. ಹಾಗಾಗಿ ತಾಲ್ಲೂಕು ಆಸ್ಪತ್ರೆಗೂ ಅಗ್ನಿಶಾಮಕ ಠಾಣೆಗೂ ಒಂದೊಂದು ಯಂತ್ರ ಬೇಕು ಅನ್ನುತ್ತೇನೆ. ಬೆಲೆ ಲಕ್ಷಗಟ್ಟಲೆ ನಿಜ. ಆದರೂ ಬೇಕು.

ಇನ್ನೊಂದು ಮಾತು. ಎಐಗೆ ಕಲಿಸಿದ್ದಷ್ಟೇ ಗೊತ್ತು. ನಮ್ಮ ಅಂಗಡಿಗಳ ಎಣ್ಣೆಯನ್ನೇ ನೋಡದ ಯಂತ್ರ ಧೈರ್ಯವಾಗಿ ತಪ್ಪು ಹೆಸರು ಹೇಳಿಬಿಡಬಹುದು. ಗೊತ್ತಾಗದಿದ್ದರೆ "ಗೊತ್ತಿಲ್ಲ" ಅನ್ನೋಕೂ ಅದಕ್ಕೆ ಕಲಿಸಬೇಕು. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, 2016ರಿಂದ ಐಐಟಿಯೂ ಇದೆ. ಇಬ್ಬರೂ ಕೂಡಿ ಹಾವೇರಿ, ಗದಗದ ಅಂಗಡಿಗಳಲ್ಲಿ ಸಿಗುವ ಎಣ್ಣೆಗಳ ಗುರುತು ಕೂಡಿಹಾಕಲಿ. ಬ್ಯಾಡಗಿಯ ಅಂಗಡಿ ಅಂಗಡಿ ಸುತ್ತಿ ಬಾಟಲಿ ತಂದುಕೊಡೋಕೆ ನಾನು ತಯಾರಿದ್ದೇನೆ.