ಮೂವತ್ತನಾಲ್ಕು ಹಲ್ಲಿಗೆ ಏಕಿಷ್ಟು ಅವಮಾನ?

ಬ್ರೇಕ್ ಪ್ಯಾಡ್ ತರಲು ಇಂದು ಸೈಕಲ್ ಅಂಗಡಿಗೆ ಹೋಗಿದ್ದೆ. ಮನೆಗೆ ಬಂದು ಮೂರು ಗಂಟೆಯಾಯಿತು, ಇನ್ನೂ ಸಿಟ್ಟು ಇಳಿದಿಲ್ಲ. ಬರೆದೇ ಇಳಿಸಿಕೊಳ್ಳುತ್ತೇನೆ.

ಐವತ್ತೈದರ ಆಸುಪಾಸಿನ ಒಬ್ಬ ಮಹಿಳೆ ತಮ್ಮ ರೋಡ್ ಬೈಕನ್ನು ಸರ್ವಿಸಿಗೆ ತಂದಿದ್ದರು. ಸೈಕಲ್ ಕೊಂಡು ವರ್ಷವೂ ಆಗಿಲ್ಲ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಇಳಿದು ತಳ್ಳಬೇಕಾಗುತ್ತಿದೆ, ಮರುದಿನ ಮೊಣಕಾಲಿನ ಚಿಪ್ಪಿನ ಸುತ್ತ ನೋವು ಬರುತ್ತಿದೆ, ಹಿಂದಿನ ಗೇರನ್ನು ಇನ್ನಷ್ಟು ಹಗುರ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದರು. ಎಷ್ಟು ಸರಿಯಾದ ಪ್ರಶ್ನೆ! ತಮ್ಮ ದೇಹ ಹೇಳಿದ್ದನ್ನು ಕೇಳಿಸಿಕೊಂಡು, ದೋಷ ಎಲ್ಲಿದೆ ಎಂದು ತಾವೇ ಪತ್ತೆ ಮಾಡಿಕೊಂಡು ಬಂದಿದ್ದಾರೆ. ಗಲ್ಲಾದ ಹಿಂದಿದ್ದ ಯುವಕ ಕೊಟ್ಟ ಉತ್ತರ ಇದು: "ಅದು ಅಜ್ಜಿಯರ ಗೇರ್ ಮೇಡಂ. ಸ್ವಲ್ಪ ದಿನ ಹೀಗೇ ತುಳಿಯಿರಿ, ಕಾಲಿಗೆ ತಾನಾಗಿಯೇ ಬಲ ಬರುತ್ತದೆ." ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ, ಮೈಗಂಟಿದ ಜರ್ಸಿ ತೊಟ್ಟವರು, ಕೇಳದಿದ್ದರೂ ಸಲಹೆ ಸೇರಿಸಿದರು: "ಕಾರ್ಬನ್ ಚಕ್ರ ಹಾಕಿಸಿ ಮೇಡಂ, ಬೆಟ್ಟ ಸಲೀಸಾಗುತ್ತದೆ." ಆಕೆ "ಹೌದೇನಪ್ಪಾ?" ಎಂದು ಸುಮ್ಮನಾದರು. ಆ ಸುಮ್ಮನಾಗುವಿಕೆ ನನ್ನನ್ನು ಕೆರಳಿಸಿತು.

ನಾನು ಬಗ್ಗಿ ಅವರ ಸೈಕಲಿನ ಹಲ್ಲುಗಳನ್ನು ನೋಡಿದೆ. ಮುಂದೆ, ಪೆಡಲಿನ ಬಳಿಯ ಎರಡು ಹಲ್ಲುಚಕ್ರಗಳಲ್ಲಿ 52 ಮತ್ತು 36 ಹಲ್ಲು. ಹಿಂದಿನ ಹಲ್ಲುಚಕ್ರಗಳಲ್ಲಿ ಅತಿ ದೊಡ್ಡದು 28. ಮುಂದೆ ಹಲ್ಲು ಕಡಿಮೆಯಾದಷ್ಟೂ, ಹಿಂದೆ ಹೆಚ್ಚಾದಷ್ಟೂ ತುಳಿತ ಹಗುರ. ರೇಸಿಗೆ ಇಳಿಯುವ ಇಪ್ಪತ್ತೈದರ ಹುಡುಗನಿಗೆ ಹೊಂದುವ ಜೋಡಣೆಯನ್ನು ಇವರಿಗೆ ಮಾರಿದ್ದಾರೆ. ಮಾರುವಾಗ ಎಲ್ಲಿ ಓಡಿಸುತ್ತೀರಿ, ಏರು ಹತ್ತುತ್ತೀರಾ ಎಂದು ಒಬ್ಬರಾದರೂ ಕೇಳಿದ್ದರೆ ಇದು ನಡೆಯುತ್ತಿರಲಿಲ್ಲ.

ಲೆಕ್ಕ ಹಾಕೋಣ. ಸವಾರರು ಮತ್ತು ಸೈಕಲ್ ಸೇರಿ 75 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರ್ ಹೋದರೆ ಎಂಟು ಮೀಟರ್ ಮೇಲೇರುವ ದಾರಿ. ಹೊಸಬರೊಬ್ಬರು ಉಸಿರು ಕಟ್ಟದಂತೆ 110 ವ್ಯಾಟ್ ಶಕ್ತಿಯನ್ನು ಸತತವಾಗಿ ಕೊಡಬಲ್ಲರು ಎನ್ನೋಣ. ಆಗ ವೇಗ ಗಂಟೆಗೆ ಆರು ಕಿಲೋಮೀಟರ್ ಚಿಲ್ಲರೆ. ಮುಂದೆ 36, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ 2.7 ಮೀಟರ್ ಸಾಗಬೇಕು. ಅಂದರೆ ನಿಮಿಷಕ್ಕೆ 39 ಸುತ್ತು ಮಾತ್ರ. ಸಮತಟ್ಟಾದ ದಾರಿಯಲ್ಲಿ ಆರಾಮವಾಗಿ 80-90 ಸುತ್ತು ತುಳಿಯುವ ಕಾಲು ಇಲ್ಲಿ 39ಕ್ಕೆ ಇಳಿದಿದೆ. ಪ್ರತಿ ತುಳಿತವೂ ಕಾಲಿಗೆ ಭಾರ. ಮೊಣಕಾಲು ನೋಯದೆ ಇನ್ನೇನಾಗಬೇಕು?

ಅದೇ ಜಾಗದಲ್ಲಿ ಮುಂದೆ 34, ಹಿಂದೆ 34 ಇದ್ದಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರದ ಒಂದು ಸುತ್ತು, ಸುಮಾರು 2.1 ಮೀಟರ್. ಅದೇ ವೇಗ, ಅದೇ ಶ್ವಾಸ, ಅದೇ 110 ವ್ಯಾಟ್. ಆದರೆ ನಿಮಿಷಕ್ಕೆ 50 ಸುತ್ತು, ಪ್ರತಿ ತುಳಿತದ ಒತ್ತಡ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿಯುತ್ತದೆ. ಗಮನಿಸಿ, ಇಷ್ಟು ಹಗುರ ಮಾಡಿದ ಮೇಲೂ 50 ಮಾತ್ರ! ಅಜ್ಜಿಯರದು ಎಂದು ಆ ಹುಡುಗ ಹಂಗಿಸಿದ ಗೇರ್ ಕೂಡ ನಂದಿಯ ಕಡಿದಾದ ಕಡೆಗಳಲ್ಲಿ ಸಾಮಾನ್ಯ ಸವಾರನಿಗೆ ಸಾಲುವುದಿಲ್ಲ. ಬಾವಿಯಿಂದ ನೀರು ಸೇದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಟ್ಟಿ ತುಂಬಬೇಕಾದರೆ ಹತ್ತು ಸಣ್ಣ ಬಿಂದಿಗೆ ಸೇದುವುದೋ, ಭುಜ ಕೀಳುವ ನಾಲ್ಕು ಹಂಡೆ ಸೇದುವುದೋ ಎಂದು ಕೇಳಿದರೆ ಯಾರಾದರೂ ಸರಿಯಾಗಿಯೇ ಉತ್ತರಿಸುತ್ತಾರೆ.

ಇನ್ನು ಆ ಕಾರ್ಬನ್ ಚಕ್ರ. ಒಳ್ಳೆಯ ಜೋಡಿಗೆ ಲಕ್ಷದ ಹತ್ತಿರ ಹೋಗುತ್ತದೆ, ಎಷ್ಟೋ ಸಲ ದಾಟುತ್ತದೆ. ತೂಕದಲ್ಲಿ ನಾನೂರು ಗ್ರಾಂ ಉಳಿಯಿತು ಎನ್ನೋಣ. 75 ಕಿಲೋದಲ್ಲಿ ನಾನೂರು ಗ್ರಾಂ ಎಂದರೆ ಶೇಕಡಾ 0.5ರಷ್ಟು. ಒಂದು ಗಂಟೆಯ ಏರಿನಲ್ಲಿ ಇಪ್ಪತ್ತು ಸೆಕೆಂಡಿನ ಆಸುಪಾಸು ಉಳಿತಾಯ. ಮೊಣಕಾಲಿಗೆ ಏನೂ ಇಲ್ಲ. ಹಿಂದಿನ ಹಲ್ಲುಚಕ್ರಗಳ ಗುಚ್ಛವನ್ನು, ಅಂದರೆ ಕ್ಯಾಸೆಟನ್ನು, ಬದಲಿಸಲು ಕೆಲವು ಸಾವಿರ ಸಾಕು. ಲಕ್ಷ ಖರ್ಚು ಮಾಡಿಸುವ ಸಲಹೆಗೆ ಇರುವ ಮರ್ಯಾದೆ ಕೆಲವು ಸಾವಿರದಲ್ಲಿ ನೋವು ಕಡಿಮೆ ಮಾಡುವ ಸಲಹೆಗೆ ಇಲ್ಲ. ನನ್ನ ತಕರಾರು ಇಷ್ಟೇ, ಮತ್ತೆ ಮತ್ತೆ ಹೇಳುತ್ತೇನೆ: ಕಾಲಿಗೆ ಹಗುರವಾದ ಗೇರನ್ನು ಅವಮಾನದ ವಸ್ತು ಮಾಡಬೇಡಿ.

ಈ ಅವಮಾನ ಹೊಸದಲ್ಲ. ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಿದ ಆನ್ರಿ ದೆಗ್ರಾಂಜ್ 1902ರಲ್ಲೇ ಬರೆದಿದ್ದರು, ಬದಲಾಗುವ ಗೇರುಗಳು ನಲವತ್ತೈದು ದಾಟಿದವರಿಗೆ ಮಾತ್ರ, ಯಂತ್ರದ ಉಪಾಯಕ್ಕಿಂತ ಸ್ನಾಯುವಿನ ಬಲದಿಂದ ಗೆಲ್ಲುವುದೇ ಮೇಲು ಎಂದು. ಆ ಮಾತಿಗೆ ಕಾರಣವಾದ ಘಟನೆ ಇನ್ನೂ ರುಚಿಕರ. ಅದೇ ವರ್ಷ ಫ್ರಾನ್ಸಿನ ಟೂರಿಂಗ್ ಕ್ಲಬ್ 240 ಕಿಲೋಮೀಟರಿನ ಬೆಟ್ಟದ ದಾರಿಯಲ್ಲಿ ಒಂದು ಪರೀಕ್ಷೆ ಏರ್ಪಡಿಸಿತ್ತು. ಒಂಟಿ ಗೇರಿನ ಸೈಕಲಿನಲ್ಲಿ ಎದುವಾರ್ ಫಿಶರ್ ಎಂಬ ಪಳಗಿದ ಸ್ಪರ್ಧಿ, ಮೂರು ಗೇರಿನ ಸೈಕಲಿನಲ್ಲಿ ಮಾರ್ಥ್ ಹೆಸ್ ಎಂಬ ಮಹಿಳೆ. ಇಡೀ ದಾರಿಯಲ್ಲಿ ಒಮ್ಮೆಯೂ ನೆಲಕ್ಕೆ ಕಾಲೂರದೆ ಹೆಸ್ ಮುಗಿಸಿದರು. ಸಾಂತ್-ಎತಿಯೆನ್ನಿನ ಪಾಲ್ ದ ವಿವಿ ಎಂಬ ಹಿರಿಯರು ವರ್ಷಗಟ್ಟಲೆ ಇದನ್ನೇ ಸಾರುತ್ತಿದ್ದರು. ಆದರೂ ಟೂರ್‌ನಲ್ಲಿ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ, ಇನ್ನೊಂದು ಬದಿಯ ಹಲ್ಲಿಗೆ ಚೈನ್ ಹಾಕಿಕೊಂಡು ಹತ್ತಬೇಕಿತ್ತು. 1936ರಲ್ಲಿ ಅನಾರೋಗ್ಯದಿಂದ ದೆಗ್ರಾಂಜ್ ಹಿಂದೆ ಸರಿದರು. 1937ರಲ್ಲಿ, ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿತು. ಒಬ್ಬ ಮನುಷ್ಯನ ಪೌರುಷದ ಕಲ್ಪನೆಗಾಗಿ ಮೂರು ದಶಕಕ್ಕೂ ಮಿಕ್ಕಿ ಎಷ್ಟು ಮೊಣಕಾಲುಗಳು ಸವೆದವೋ!

ಇಂದು ವೃತ್ತಿಪರರ ಸೈಕಲಿನಲ್ಲೇ ಏನಿದೆ ನೋಡಿ. ಸೈಕಲ್ ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿಯ ಅತ್ಯುನ್ನತ ಶ್ರೇಣಿಯಾದ ಡ್ಯೂರಾ-ಏಸ್ 2021ರಲ್ಲಿ ಹನ್ನೆರಡು ಗೇರಿಗೆ ಬಂದಾಗ ಅದರ ಕ್ಯಾಸೆಟ್‌ಗಳಲ್ಲಿ 11-34 ಇತ್ತು, ಅಂದರೆ ಅತಿ ಸಣ್ಣದಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 34. ದಿನವಿಡೀ ಸೈಕಲ್ ತುಳಿಯುವುದೇ ಉದ್ಯೋಗವಾದವರು ಆಲ್ಪ್ಸ್ ಹತ್ತುವಾಗ 34 ಹಲ್ಲು ಹಾಕಿಕೊಳ್ಳುತ್ತಾರೆ. ವಾರವಿಡೀ ಕುರ್ಚಿಯಲ್ಲಿ ಕುಳಿತು ಭಾನುವಾರ ನಂದಿಗೆ ಬರುವ ನಾವು 28ರಲ್ಲಿ ಹಲ್ಲುಕಚ್ಚಿ ಹತ್ತಬೇಕಂತೆ.

ಇಲ್ಲಿಗೆ ಬಂದಾಗ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ನಮ್ಮ ತಾತಂದಿರು ಗೇರಿಲ್ಲದ ಅಟ್ಲಾಸ್ ಸೈಕಲಿನಲ್ಲಿ ಊರೂರು ಸುತ್ತಲಿಲ್ಲವೇ?" ಸುತ್ತಿದರು. ಹಾಲಿನ ಕ್ಯಾನು ಕಟ್ಟಿಕೊಂಡು, ಹುಲ್ಲಿನ ಹೊರೆ ಹೇರಿಕೊಂಡು ಸುತ್ತಿದರು. ಆದರೆ ಏರು ಬಂದಾಗ ಅವರು ಏನು ಮಾಡುತ್ತಿದ್ದರು ಎಂಬುದನ್ನು ನೋಡಿದವರು ನಾವು. ಇಳಿಯುತ್ತಿದ್ದರು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಕೈ ಸೀಟಿಗೆ ಕೊಟ್ಟು, ಮಾತಾಡುತ್ತಾ ತಳ್ಳಿಕೊಂಡು ಹೋಗುತ್ತಿದ್ದರು. ಯಾರೂ ನಾಚಿಕೊಳ್ಳಲಿಲ್ಲ, ಯಾರೂ ನಗಲಿಲ್ಲ. ನಾಳೆ ಬೆಳಿಗ್ಗೆಯೂ ಅದೇ ಕಾಲಿನಲ್ಲಿ ದುಡಿಯಬೇಕು ಎಂಬ ವಿವೇಕ ಅವರಿಗಿತ್ತು. ಅವರ ಹೆಸರು ಹೇಳಿ ಭಾರದ ಗೇರನ್ನು ಸಮರ್ಥಿಸುವುದು ಅವರಿಗೆ ಮಾಡುವ ಅನ್ಯಾಯ.

ಇನ್ನೊಂದು ವಾದವೂ ಇದೆ, ಸ್ವಲ್ಪ ಓದಿಕೊಂಡವರದು. ಭಾರದ ಗೇರಿನಲ್ಲಿ ನಿಧಾನವಾಗಿ ತುಳಿಯುವುದು ಒಂದು ತರಬೇತಿಯ ಕ್ರಮ, ತಂಡಗಳ ಕೋಚ್‌ಗಳೇ ಮಾಡಿಸುತ್ತಾರೆ ಎಂದು. ಮಾಡಿಸುತ್ತಾರೆ, ನಿಜ. ವರ್ಷಗಳ ಅಡಿಪಾಯ ಇರುವವರಿಗೆ, ಕೆಲವೇ ನಿಮಿಷಗಳ ತುಣುಕುಗಳಲ್ಲಿ, ನಡುವೆ ವಿಶ್ರಾಂತಿ ಕೊಟ್ಟು ಮಾಡಿಸುತ್ತಾರೆ. ಬೇಕೆಂದು ಭಾರ ಹಾಕಿಕೊಂಡವನು ಬೇಡವೆಂದಾಗ ಇಳಿಸಬಲ್ಲ. ಬೇರೆ ಗೇರೇ ಇಲ್ಲದವರಿಗೆ ಆ ಆಯ್ಕೆ ಎಲ್ಲಿದೆ? ಅಷ್ಟಕ್ಕೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಜೂನಿಯರ್ ರಸ್ತೆ ಸ್ಪರ್ಧಿಗಳಿಗೆ ಬಹುಕಾಲ ಗೇರಿನ ಮಿತಿ ಹೇರಿತ್ತು. ಪೆಡಲಿನ ಒಂದು ಸುತ್ತಿಗೆ 7.93 ಮೀಟರ್ ಮೀರಬಾರದು, ಅಂದರೆ ಸರಿಸುಮಾರು ಮುಂದೆ 52, ಹಿಂದೆ 14 ಹಲ್ಲು. ಬೆಳೆಯುವ ದೇಹ ಭಾರ ತುಳಿಯದೆ ಚುರುಕಾಗಿ ತುಳಿಯುವುದನ್ನು ಕಲಿಯಲಿ ಎಂಬುದೇ ಅದರ ಉದ್ದೇಶ. 2023ರಲ್ಲಿ ಆ ಮಿತಿ ಹೋಯಿತು, ಅದರ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಮೊದಲು ಚುರುಕು, ಆಮೇಲೆ ಬಲ ಎಂಬ ಕ್ರಮವನ್ನು ಆ ಕ್ರೀಡೆ ಎಷ್ಟೋ ವರ್ಷ ನಂಬಿ ನಡೆಯಿತು.

ದೂರದ ಸವಾರಿಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನನ್ನ ಸ್ನೇಹಿತರಿಗೆ ಗೊತ್ತು, ನನ್ನ ಜೀವ ಇರುವುದು ಬ್ರೆವೆಗಳಲ್ಲಿ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ. ಇನ್ನೂರು ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, ಮುನ್ನೂರಕ್ಕೆ ಇಪ್ಪತ್ತು, ನಾನೂರಕ್ಕೆ ಇಪ್ಪತ್ತೇಳು, ಆರುನೂರಕ್ಕೆ ನಲವತ್ತು. ನಿಲುಗಡೆ, ಊಟ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್ ಹಿಡಿದರೆ ಸಾಕು. ವೇಗ ಇಲ್ಲಿ ಯಾರನ್ನೂ ಸೋಲಿಸುವುದಿಲ್ಲ. ಸೋಲಿಸುವುದು ನೂರೈವತ್ತನೆಯ ಕಿಲೋಮೀಟರಿನ ಏರು. ಅಲ್ಲಿ ಒಂದು ಹಗುರ ಗೇರ್ ಕೈಯಲ್ಲಿ ಉಳಿದಿದ್ದರೆ ಕುಳಿತೇ ಹತ್ತಬಹುದು. ಇಲ್ಲದಿದ್ದರೆ ಎದ್ದು ನಿಂತು ಬೆನ್ನು, ತೋಳು, ತೊಡೆ ಎಲ್ಲವನ್ನೂ ಖರ್ಚು ಮಾಡಬೇಕು, ಇನ್ನೂ ಅರ್ಧ ದಾರಿ ಉಳಿದಿರುವಾಗಲೇ. ಫ್ರಾನ್ಸಿನ ದೂರದ ಸವಾರಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನ 1200 ಕಿಲೋಮೀಟರಿನಲ್ಲಿ ಆಲ್ಪ್ಸ್‌ನಂಥ ಪರ್ವತವೊಂದೂ ಇಲ್ಲ, ಆದರೆ ಒಟ್ಟು ಏರು ಸುಮಾರು 12,000 ಮೀಟರ್. ಮುಗಿಯದ ಸಣ್ಣ ದಿಬ್ಬಗಳಲ್ಲಿ, ತೊಂಬತ್ತು ಗಂಟೆಗಳ ಮಿತಿಯೊಳಗೆ, ನಿದ್ದೆಗೆಟ್ಟು ಹತ್ತಬೇಕು. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯಲ್ಲಂತೂ ವಿರಾಮವೇ ಇಲ್ಲ, ತಿರುವಿನ ಮೇಲೆ ತಿರುವು. 36-28ರಲ್ಲಿ ಅಲ್ಲಿಗೆ ಹೋಗಿ ಎಂದು ನನ್ನ ಶತ್ರುವಿಗೂ ಹೇಳಲಾರೆ.

ಒಂದು ಮನದ ಮಾತು. ನನಗೆ ನಿಧಾನವಾಗಿ ಬೆಟ್ಟ ಹತ್ತುವುದು ಬಹಳ ಇಷ್ಟ. ಚಾರ್ಮಾಡಿಯಲ್ಲಿ ಮಂಜು ಕವಿದಾಗ, ಗಂಟೆಗೆ ಏಳು ಕಿಲೋಮೀಟರಿನಲ್ಲಿ, ಕಾಲು ಸಲೀಸಾಗಿ ಸುತ್ತುತ್ತಿರುವಾಗ ನೀರಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಗುರುತಿಸಬಹುದು. ಜೊತೆಗಿರುವವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಬಹುದು. ನಮ್ಮ ತಂದೆ ಈಗ ಮೂರು ಮೆಟ್ಟಿಲು ಹತ್ತಲು ಕಂಬಿ ಹಿಡಿಯುತ್ತಾರೆ. ಮೊಣಕಾಲು ಹೋದ ಮೇಲೆ ಮನುಷ್ಯನ ಊರು ಎಷ್ಟು ಚಿಕ್ಕದಾಗುತ್ತದೆ ಎಂದು ದಿನವೂ ಮನೆಯಲ್ಲೇ ನೋಡುತ್ತಿದ್ದೇನೆ. ಎಪ್ಪತ್ತರಲ್ಲೂ ನಾನು ಸೈಕಲ್ ತುಳಿಯಬೇಕು. ಇದರ ಮುಂದೆ ಯಾವ ಹುಡುಗ ಏನೆಂದು ನಕ್ಕರೂ ನನಗೆ ಲೆಕ್ಕವಿಲ್ಲ. ಆದರೆ ಹೊಸದಾಗಿ ಬಂದವರಿಗೆ ಲೆಕ್ಕವಿದೆ. ಐವತ್ತು ದಾಟಿದ ಮೇಲೆ ಸೈಕಲ್ ಹತ್ತುವ ಧೈರ್ಯ ಮಾಡಿದವರು ಒಂದು ಕೊಂಕು ಮಾತಿಗೆ ಕುಗ್ಗಿ, ನೋವು ನುಂಗಿ, ಮೂರು ತಿಂಗಳಲ್ಲಿ ಸೈಕಲನ್ನು ಬಾಲ್ಕನಿಗೆ ಸೇರಿಸುತ್ತಾರೆ. ಹಾಗೆ ಬಾಲ್ಕನಿ ಸೇರಿದ ಒಳ್ಳೊಳ್ಳೆಯ ಸೈಕಲ್‌ಗಳನ್ನು ನಮ್ಮ ಬಡಾವಣೆಯಲ್ಲೇ ತೋರಿಸಬಲ್ಲೆ.

ದೊಡ್ಡ ಕ್ಯಾಸೆಟ್ ಹಾಕಿದರೆ ವೇಗ ಹೋಗುತ್ತದೆ ಎಂಬ ಹೆದರಿಕೆಯನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. 11-34ರಲ್ಲಿಯೂ ಅತಿ ಸಣ್ಣದು 11 ಹಲ್ಲಿನದೇ. ಮುಂದೆ 50 ಇದ್ದರೆ ನಿಮಿಷಕ್ಕೆ 90 ಸುತ್ತಿಗೆ ಗಂಟೆಗೆ ಐವತ್ತೊಂದು ಕಿಲೋಮೀಟರ್ ವೇಗ ಸಿಗುತ್ತದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಸಮತಟ್ಟಿನಲ್ಲಿ ಹಿಡಿಯುತ್ತೇವೆ? ಕಳೆದುಕೊಳ್ಳುವುದು ನಡುವಿನ ನವಿರನ್ನು ಮಾತ್ರ. 11-28ರಲ್ಲಿ 11, 12, 13, 14, 15 ಎಂದು ಒಂದೊಂದೇ ಹಲ್ಲು ಏರುವಲ್ಲಿ ಇದು 11, 13, 15, 17 ಎಂದು ಎರಡೆರಡು ಹಾರುತ್ತದೆ. ಗುಂಪಿನ ರೇಸಿನಲ್ಲಿ ಓಡುವವರಿಗೆ ಇದು ಕಿರಿಕಿರಿ ಎನಿಸಬಹುದು, ಒಪ್ಪುತ್ತೇನೆ. ಬೆಳಗಿನ ತಿಂಡಿಗೆ ದೇವನಹಳ್ಳಿಗೆ ಹೋಗುವವರಿಗೆ ಗೊತ್ತೂ ಆಗುವುದಿಲ್ಲ.

ಬದಲಿಸುವವರು ಎರಡು ವಿಷಯ ನೋಡಿಕೊಳ್ಳಿ. ಹಿಂದಿನ ಡಿರೇಲರ್‌ನ ಪಂಜರ (ಚೈನನ್ನು ಎಳೆದು ಹಿಡಿಯುವ ತೋಳು) ಗಿಡ್ಡದ್ದಾಗಿದ್ದರೆ 34 ಹಲ್ಲನ್ನು ಅದು ತಾಳುವುದಿಲ್ಲ. ಉದಾಹರಣೆಗೆ ಶಿಮಾನೊದ 105 ಶ್ರೇಣಿಯ ಹನ್ನೊಂದು ಗೇರಿನ ಆರ್-7000ರಲ್ಲಿ ಗಿಡ್ಡ ಪಂಜರದ್ದು 30ರವರೆಗೆ, ಉದ್ದ ಪಂಜರದ್ದು 34ರವರೆಗೆ. ಎರಡನೆಯದು ಚೈನಿನ ಉದ್ದ. ಹಳೆಯ ಚೈನನ್ನೇ ಬಿಟ್ಟು, ಮುಂದೆ ದೊಡ್ಡ ಹಲ್ಲು ಹಿಂದೆ ದೊಡ್ಡ ಹಲ್ಲು ಹಾಕಿದರೆ ಚೈನ್ ಬಿಗಿದು ಡಿರೇಲರ್ ಕಿತ್ತು ಬರಬಹುದು. "ಏನೂ ಆಗುವುದಿಲ್ಲ ಸಾರ್" ಎನ್ನುವ ಮೆಕ್ಯಾನಿಕ್ ಎದುರು ಸ್ಟ್ಯಾಂಡಿನ ಮೇಲೆ ಕೈಯಿಂದ ತಿರುಗಿಸಿ, ಆ ಗೇರನ್ನು ಹಾಕಿಸಿ ನೋಡಿಯೇ ಹಣ ಕೊಡಿ. ಮುಂದೆಯೂ 52-36 ಬದಲು 50-34 ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ನನ್ನ ಬಳಿ ಹನ್ನೊಂದು ಗೇರಿನ 11-34 ಕ್ಯಾಸೆಟ್ ಒಂದು ಬಿಡಿಯಾಗಿ ಇದೆ, ಹೆಚ್ಚು ಸವೆದಿಲ್ಲ. ಕೊಳ್ಳುವ ಮೊದಲು ಹಾಕಿ ನೋಡಬೇಕು ಎನ್ನುವವರು ಕಮೆಂಟಿನಲ್ಲಿ ತಿಳಿಸಿ. ಎರಡು ವಾರ ಇಟ್ಟುಕೊಳ್ಳಿ, ನಂದಿಗೋ ಸ್ಕಂದಗಿರಿಯ ಕಡೆಗೋ ಹೋಗಿ ಬನ್ನಿ, ಆಮೇಲೆ ವಾಪಸ್ಸು ಕೊಡಿ. ಹಾಕುವಾಗ ನಾನೂ ಬರುತ್ತೇನೆ, ಚೈನಿನ ಉದ್ದ ನೋಡಬೇಕಲ್ಲ.