ಬಂದಳಿಕೆ, ಹಕ್ಕಿ, ಕೊನೆಗೌಡ

ಬೆಳಿಗ್ಗೆ ಜಗುಲಿ ಮೇಲೆ ಕೂತು ಕಾಫಿ ಕುಡೀತಾ ಇದ್ದೆ, ಎದುರಿಗಿರೋ ಅಪ್ಪೆಮಿಡಿ ಮರಕ್ಕೆ, ಅದೇ ಉಪ್ಪಿನಕಾಯಿ ಮಿಡಿ ಮಾವಿನ ಮರಕ್ಕೆ, ಹೆಬ್ಬೆಟ್ಟಿನಷ್ಟು ದೊಡ್ಡ ಹಕ್ಕಿಯೊಂದು ಬಂತು, ಚಿಕ್ ಚಿಕ್ ಅಂತು, ನನ್ನ ಮುಖ ನೋಡ್ಕೊಂಡೇ ಹಿಂಭಾಗನ ಕೊಂಬೆಗೆ ಉಜ್ಜಿ ಹಾರಿಹೋಯ್ತು. ಸೊಕ್ಕು ನೋಡಿ ಮಾರಾಯ್ರೆ.

ಉಜ್ಜಿದ್ದು ಬಂದಳಿಕೆ ಬೀಜ, ಬೇರೆ ಮರದ ಕೊಂಬೆ ಮೇಲೆ ಬೇರುಬಿಟ್ಟು ಬದುಕೋ ಗಿಡ ಅದು. ಹಣ್ಣು ನುಂಗಿದ್ರೆ ಬೀಜ ಗೋಂದಿನ ಥರ ಅಂಟಿಕೊಂಡೇ ಹೊರಗೆ ಬರೋದು, ಉಜ್ಜದಿದ್ರೆ ಬಿಡೋದಿಲ್ಲ, ಉಜ್ಜಿದಲ್ಲೇ ಮೊಳಕೆ. ಈ ಹಕ್ಕಿಗೆ ಬದನಿಕೆ ಅಂತಾನೇ ಹೆಸರು, ಬಂದಳಿಕೆಗೂ ಅದೇ ಇನ್ನೊಂದು ಹೆಸರು, ಅಂದ್ರೆ ಒಳಒಪ್ಪಂದ ಎಷ್ಟು ಹಳೇದು ಲೆಕ್ಕ ಹಾಕಿ.

ತಮ್ಮನ ಮಗ ಬೆಂಗಳೂರಲ್ಲಿದ್ದಾನೆ, ಅವನಿಗೆ ಕ್ಯಾಮೆರಾ ಹುಚ್ಚು. ಫೋನಲ್ಲಿ ಹೇಳಿದ್ರೆ "ದೊಡ್ಡಪ್ಪ ಕಡೀಬೇಡಿ, ಜೆಝೆಬೆಲ್ ಚಿಟ್ಟೆ ಮೊಟ್ಟೆ ಇಡೋದೇ ಬಂದಳಿಕೆ ಮೇಲೆ, ಸೂರಕ್ಕಿಗೆ ಅದರ ಹೂವಲ್ಲಿ ಜೇನು, ಬಂದಳಿಕೆನೂ ಪೂರ್ತಿ ಕಳ್ಳ ಅಲ್ಲ, ಎಲೆ ಹಸಿರಿದೆಯಲ್ಲ, ಅಡುಗೆ ತಾನೇ ಮಾಡ್ಕೊಳತ್ತೆ, ನೀರು ಉಪ್ಪು ಮಾತ್ರ ಮರದ್ದು ತಗೊಳತ್ತೆ, ಎಲ್ಲರೂ ಒಬ್ಬರಿಗೊಬ್ಬರು ಆಗ್ತಾರೆ" ಅಂದ. ಆಗ್ಲಪ್ಪ, ಬೇಡ ಅಂದವರು ಯಾರು. ಆದ್ರೆ ಇವರೆಲ್ಲ ಒಬ್ಬರಿಗೊಬ್ಬರು ಆಗೋದು ನನ್ನ ಮರದ ಖರ್ಚಲ್ಲಿ. ಅವನ ಅಪಾರ್ಟ್‌ಮೆಂಟ್ ಬಾಲ್ಕನಿಲಿ ಒಂದು ತುಳಸಿ ಗಿಡ, ಅದಕ್ಕೂ ನೀರು ಹಾಕೋದು ಕೆಲಸದವಳು.

ಸರಿ, ಕಡಿಸೋದು ಅಂತ ತೀರ್ಮಾನ ಮಾಡಿದೆ. ಕಡಿಯೋರು ಯಾರು? ನನ್ನ ಮಂಡಿ ನನ್ನ ಮಾತು ಕೇಳಲ್ಲ. ನಮ್ಮ ಕಡೆ ಮರ ಹತ್ತೋದು ಅಂದ್ರೆ ಕೊನೆಗೌಡನೇ ಆಗ್ಬೇಕು, ಅಡಿಕೆ ಮರ ಹತ್ತಿ ಕೊನೆ ಅಂದ್ರೆ ಗೊನೆ ಇಳಿಸೋನು, ಸುತ್ತ ನಾಕು ಊರಿಗೆ ಇರೋದು ಒಬ್ಬ. ಮಳೆಗಾಲದಲ್ಲಿ ಫೋನ್ ಮಾಡಿದ್ರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋ ಸಮಯ, ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು, ಮಳೆ ಬಿಟ್ಟ ಗಳಿಗೆಲಿ ಊರಿಗೂರೇ ಅವನ ಹಿಂದೆ. ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬ್ರು ಮೈಸೂರು ಸರ್ಕಾರದಲ್ಲಿದ್ದಾಗ 1910ರ ಹೊತ್ತಿಗೇ ಕೊಳೆರೋಗದ ಮೇಲೆ ಪುಸ್ತಕ ಬರೆದ್ರು, ಇದೇ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೀರಿ ಅಂತಾನೂ ಹೇಳಿದ್ರು, ಹೊಡೆಯೋನ್ನ ಹಿಡಿಯೋ ಉಪಾಯ ಹೇಳ್ಕೊಡ್ಲಿಲ್ಲ. ದೀಪಾವಳಿ ಕಳೆದು ಫೋನ್ ಮಾಡಿದೆ, ಅಡಿಕೆಯ ಮೊದಲ ಕೊಯ್ಲು. ಸಂಕ್ರಾಂತಿಗೆ ಮಾಡಿದೆ, ಎರಡನೇ ಕೊಯ್ಲು. "ನಾಳೆ ಬರ್ತೆ ಹೆಗ್ಡೇರೆ" ಅಂತಾನೆ, ಅವನ ನಾಳೆಗೆ ಪಂಚಾಂಗದಲ್ಲಿ ತಿಥಿ ಇಲ್ಲ. ಮಧ್ಯೆ ಒಂದ್ಸಲ ಪಕ್ಕದ ತೋಟಕ್ಕೆ ಬಂದಿದ್ದ, ನೋಡ್ತಾ ನಿಂತೆ, ಒಂದು ಅಡಿಕೆ ಮರದ ತುದಿಲಿ ಕೂತು ಅದನ್ನೇ ಬಗ್ಗಿಸಿ ಇನ್ನೊಂದರ ತಲೆ ಹಿಡಿದು ದಾಟ್ತಾನೆ, ನೆಲಕ್ಕೆ ಇಳಿಯೋದೇ ಇಲ್ಲ, ಕೊಯ್ದ ಕೊನೆ ಹಗ್ಗದ ಮೇಲೆ ಸುಯ್ ಅಂತ ಜಾರಿ ಕೆಳಗೆ ಹಿಡಿಯೋನ ಕೈಗೆ ಬೀಳತ್ತೆ. ಅರ್ಧ ಗಂಟೆ ನಿಂತಿದ್ದೆ, ಬಯ್ಯೋಕೆ ಹೋದೋನು ಬಯ್ಯೋದೇ ಮರ್ತೆ. ಕೆಳಗೆ ಇಳಿದಾಗ ಕೇಳಿದೆ. "ಅಡಿಕೆ ಮರ ಹತ್ತೋದು ಬೇರೆ, ಮಾವಿನ ಮರ ಹತ್ತೋದು ಬೇರೆ" ಅಂದ. ಡಾಕ್ಟ್ರು ಹೇಳ್ತಾರಲ್ಲ, ಇದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಅಂತ, ಹಾಗೇ.

ಬೇಕಿದ್ರೆ ಅವನೇ ಬೇಕು, ಅವನಿಗೆ ಮಾತ್ರ ನಾವ್ಯಾರೂ ಬೇಕಾಗಿಲ್ಲ. ಇದಕ್ಕೆ ತಮ್ಮನ ಮಗನ ಪುಸ್ತಕದಲ್ಲಿ ಏನು ಹೆಸರಿದೆಯೋ ಕೇಳ್ಬೇಕು.

ಶಿವರಾತ್ರಿ ಕಳೆದ ಮೇಲೆ ಬಂದ, ಹೇಳದೇ ಕೇಳದೇ, ನಾನು ಸ್ನಾನಕ್ಕೆ ಹೋದ ಹೊತ್ತಲ್ಲಿ. ಬಂದಳಿಕೆ ಮಾತ್ರ ಕಿತ್ರೆ ಮತ್ತೆ ಚಿಗುರತ್ತೆ, ಬೇರು ಕೊಂಬೆ ಒಳಗೇ ಹೊಕ್ಕಿರತ್ತೆ, ಅದಕ್ಕೇ ಒಂದು ಮೊಳ ಕೆಳಗೆ ಕಡಿಬೇಕು ಅಂತ ಅವನ ಶಾಸ್ತ್ರ, ಶಾಸ್ತ್ರ ಸರಿಯಾಗೇ ಇದೆ. ಟವೆಲ್ ಸುತ್ಕೊಂಡು ಹೊರಗೆ ಬಂದ್ರೆ ಅಂಗಳದ ತುಂಬಾ ಕೊಂಬೆ, ಕೊಂಬೆ ತುಂಬಾ ಗೊಂಚಲು ಗೊಂಚಲು ಮಿಡಿ, ಇನ್ನೊಂದು ವಾರ ಇದ್ದಿದ್ರೆ ಸರಿಯಾಗಿ ಉಪ್ಪಿಗೆ ಹಾಕೋ ಹದ.

ಹೆಂಡತಿ ಮಾತಾಡ್ಲಿಲ್ಲ, ಭರಣಿ ತೊಳೆದು ಬಿಸಿಲಿಗೆ ಕವುಚಿ ಇಟ್ಟಿದ್ದನ್ನ ಎತ್ತಿ ಒಳಗಿಟ್ಟಳು. ಅವನು ಕಾಫಿ ಕುಡಿದು, ಕೂಲಿ ಅಂತ ಅವತ್ತಿನ ಅಡಿಕೆ ಧಾರಣೆ ಹೇಳಿ, ದುಡ್ಡು ತಗೊಂಡು, ಹೋಗ್ತಾ ಎರಡು ಗೊಂಚಲು ಮಿಡಿನೂ ಆರಿಸ್ಕೊಂಡ. ಹಕ್ಕಿ ಚಿಕ್ಕು ಮರದಲ್ಲಿ ಕೂತಿತ್ತು.