ಟೈಲ್ಸಿಗೆ ಲಕ್ಷ, ಸಂದಿಗೆ ಆಸಿಡ್

ಹೋದ ಬೇಸಿಗೆಯಲ್ಲಿ ಕಲಬುರಗಿಗೆ ಹೋಗಿದ್ದೆ. ಅಣ್ಣನ ಹೊಸ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆ ಅಡುಗೆಮನೆಯ ನೆಲ ತೋರಿಸಿ, "ಈ ಟೈಲ್ಸ್ ಹಾಳಾದವು, ದೀಪಾವಳಿಗೆ ಕಿತ್ತು ಬೇರೆ ಹಾಕಿಸಬೇಕು" ಅಂದರು. ಬಗ್ಗಿ ನೋಡಿದೆ. ಟೈಲ್ಸ್ ಗಟ್ಟಿಯಾಗಿಯೇ ಇದ್ದವು. ಒಂದೂ ಬಿರುಕು ಬಿಟ್ಟಿರಲಿಲ್ಲ, ಹೊಳಪೂ ಹೋಗಿರಲಿಲ್ಲ. ಕೆಟ್ಟಿದ್ದು ಅವುಗಳ ನಡುವಿನ ಸಂದಿ. ಸಿಂಕಿನ ಹತ್ತಿರ ಬಿಳಿ ಸಿಮೆಂಟ್ ಎದ್ದುಹೋಗಿ ಉಗುರು ಇಳಿಯುವಷ್ಟು ಗೆರೆ ಬಿದ್ದಿತ್ತು. ಅದರಲ್ಲಿ ಕುಸುಬೆ ಎಣ್ಣೆ, ಜೋಳದ ಹಿಟ್ಟು, ನೆಲ ಒರೆಸಿದ ನೀರು ಎಲ್ಲಾ ಸೇರಿ ಕಪ್ಪಾಗಿ ಹೆಪ್ಪುಗಟ್ಟಿತ್ತು. ಗೃಹಪ್ರವೇಶಕ್ಕೆ ಕಟ್ಟಿದ ತೋರಣದ ದಾರ ಇನ್ನೂ ಬಾಗಿಲಲ್ಲೇ ಇತ್ತು. ಅಷ್ಟರಲ್ಲೇ ಇಷ್ಟೆಲ್ಲಾ. ನನಗೆ ಹೊಟ್ಟೆ ಉರಿಯಿತು.

ನಾನಿರೋದು ಪುಣೆಯಲ್ಲಿ. ನಮ್ಮ ಕಟ್ಟಡದ ಕೆಳಗಿನ ಮನೆಯ ಅಜ್ಜಿ, ನಾನು ಕಲಬುರಗಿ ಕಡೆಯವನು ಅಂತ ಗೊತ್ತಾದ ದಿನವೇ ಒಳಗೆ ಕರೆದು ತಮ್ಮ ಪಡಸಾಲೆ ತೋರಿಸಿದ್ದರು. ನಮ್ಮ ಶಹಾಬಾದ್ ಪರಸಿ, ಅಂದ್ರೆ ನಮ್ಮ ಕಡೆಯ ಹಾಸುಗಲ್ಲು! ಪುಣೆಯ ಹಳೆ ಮನೆಗಳಲ್ಲಿ ಆ ಕಲ್ಲಿಗೆ ಇವತ್ತಿಗೂ ನಮ್ಮೂರಿನದೇ ಹೆಸರು. ಕಾಲು ಸವೆಸಿ ಸವೆಸಿ ಕಲ್ಲು ನುಣ್ಣಗಾಗಿತ್ತು. ಆದರೆ ನನ್ನ ಕಣ್ಣು ಹೋಗಿದ್ದು ಸಂದಿಗಳ ಕಡೆಗೆ. ಒಂದು ಕಡೆಯೂ ಸಿಮೆಂಟ್ ಉದುರಿರಲಿಲ್ಲ.

ಅಜ್ಜಿಯ ಹತ್ತಿರ ಒಂದು ಡಬ್ಬಿಯಲ್ಲಿ ವಾಷಿಂಗ್ ಸೋಡಾ, ಒಂದು ಹಳೇ ನೈಲಾನ್ ಬ್ರಷ್ ಇರುತ್ತವೆ. ವಾರಕ್ಕೊಮ್ಮೆ ಒಂದು ಮೂಲೆ ಮಾತ್ರ ಹಿಡಿಯುತ್ತಾರೆ. ಬಿಸಿನೀರಿಗೆ ಸೋಡಾ ಹಾಕಿ ಸಂದಿಯ ಮೇಲೆ ಹನಿಸಿ ಸ್ವಲ್ಪ ಹೊತ್ತು ಬಿಡುತ್ತಾರೆ. ಆಮೇಲೆ ಉಜ್ಜಿ, ಶುದ್ಧ ನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸುತ್ತಾರೆ. ಕೊನೆಯ ಒಣಬಟ್ಟೆಯನ್ನು ಮಾತ್ರ ತಪ್ಪಿಸೋದಿಲ್ಲ. ಎಲ್ಲಾದರೂ ಸಿಮೆಂಟ್ ಸಡಿಲಾಯಿತು ಅಂದ್ರೆ ಅದೇ ವಾರ ಗೌಂಡಿಗೆ ಹೇಳಿ ತುಂಬಿಸುತ್ತಾರೆ. ಮುಂದಿನ ಹಬ್ಬ ಬರಲಿ ಅಂತ ಕಾಯೋದಿಲ್ಲ.

ನಮ್ಮಲ್ಲಿ ಹಬ್ಬಕ್ಕೇ ಕಾಯುತ್ತಾರೆ. ದಸರಾಕ್ಕೋ ದೀಪಾವಳಿಗೋ ಮನೆ ತೊಳೆಯುವಾಗ ಆಸಿಡ್ ಬಾಟಲಿ ಬರುತ್ತದೆ. ಬಚ್ಚಲಿಗೆ ತಂದದ್ದನ್ನೇ ಪಡಸಾಲೆಗೂ ಸುರಿಯುತ್ತಾರೆ. ಸುರಿದ ಕೂಡಲೇ ಬುರುಬುರು ನೊರೆ ಏಳುತ್ತದೆ. "ನೋಡು, ಹೊಲಸು ಹೆಂಗ ಬಿಡ್ತದ" ಅಂತ ಎಲ್ಲರಿಗೂ ಸಮಾಧಾನ. ಆ ನೊರೆ ಏಳೋದು ಸಿಮೆಂಟ್ ಕರಗುತ್ತಿರುವುದಕ್ಕೆ. ಸಿಮೆಂಟಿನಲ್ಲಿರುವ ಸುಣ್ಣದ ಅಂಶಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ತಾಗಿದರೆ ಅದು ಕರಗಿ ನೀರಿನ ಜೊತೆ ಹರಿದು ಹೋಗುತ್ತದೆ. ಮೇಲಿನ ಪದರ ಹೋದ ಮೇಲೆ ಸಂದಿ ಬೆಳ್ಳಗೆ ಕಾಣುತ್ತದೆ, ನಿಜ. ಆದರೆ ಉಳಿದ ಸಿಮೆಂಟಿನ ಮೈ ತೂತುತೂತಾಗಿರುತ್ತದೆ. ಮುಂದಿನ ಕೊಳೆ ಇನ್ನೂ ಬೇಗ, ಇನ್ನೂ ಆಳಕ್ಕೆ ಇಳಿಯುತ್ತದೆ. ಬರುವ ವರ್ಷ ಆಸಿಡ್ ಇನ್ನೂ ಜಾಸ್ತಿ ಬೇಕಾಗುತ್ತದೆ. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ ಆದ್ದರಿಂದ ಅದರ ಮೈಯೂ ಹೀಗೇ ಹೋಗುತ್ತದೆ. ಕೆಲವರು ಆಸಿಡ್ ಜೊತೆಗೇ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅದರಿಂದ ಏಳೋದು ಕ್ಲೋರಿನ್ ಅನಿಲ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಇದೆಲ್ಲಾ ನಮಗೆ ಗೊತ್ತಿರಬೇಕಿತ್ತು ಅನ್ನೋದೇ ನನ್ನ ಸಂಕಟ. ವಾಡಿ, ಸೇಡಂ, ಮಳಖೇಡ ಅಂತ ಎಲ್ಲಿ ನೋಡಿದರೂ ಸಿಮೆಂಟ್ ಕಾರ್ಖಾನೆ ಇರುವ ಜಿಲ್ಲೆ ನಮ್ಮದು. ಕಲ್ಲೂ ನಮ್ಮದೇ, ಸಿಮೆಂಟೂ ನಮ್ಮದೇ. ಬೀದರಿಗೆ ಹೋದರೆ 1472ರ ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಬಣ್ಣದ ಟೈಲ್ಸ್ ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಅಂಥ ಕೆಲಸ ನಡೆದ ನಾಡಿನಲ್ಲಿ ಈಗ ಟೈಲ್ಸಿಗೆ ಲಕ್ಷ ಸುರಿದು, ಸಂದಿಗೆ ಅರ್ಧ ಚೀಲ ಬಿಳಿ ಸಿಮೆಂಟ್ ಕಲಸಿ ಬಟ್ಟೆಯಿಂದ ತಿಕ್ಕಿ ಎದ್ದು ಹೋಗುತ್ತಾರೆ.

ಗೌಂಡಿಯನ್ನು ಮಾತ್ರ ಬೈದರೆ ಆಗೋದಿಲ್ಲ. "ಸಂದಿ ಕಾಣಬಾರದು, ಒಂದೇ ಕಲ್ಲಿನ ಹಾಗೆ ಕಾಣಬೇಕು" ಅಂತ ಹಟ ಹಿಡಿಯೋರು ಮನೆಯವರು. ಆಗ ಅವನು ಟೈಲ್ಸನ್ನು ಒಂದಕ್ಕೊಂದು ತಾಗಿಸಿ ಕೂರಿಸುತ್ತಾನೆ. ಕೂದಲೆಳೆಯಷ್ಟು ಜಾಗದಲ್ಲಿ ಯಾವ ಗ್ರೌಟ್ (ಸಂದಿ ತುಂಬುವ ಗಾರೆ) ನಿಂತೀತು? ನಮ್ಮ ಪುಣೆಯ ಮನೆಯಲ್ಲಿ ಟೈಲ್ಸ್ ಹಾಕಿದವನು ಸ್ಪೇಸರ್ (ಸಂದಿ ಸಮನಾಗಿರಲು ನಡುವೆ ಇಡುವ ಸಣ್ಣ ತುಂಡು) ಇಲ್ಲದೆ ಕೆಲಸಕ್ಕೇ ಒಪ್ಪಲಿಲ್ಲ. ಎರಡು–ಮೂರು ಮಿಲಿಮೀಟರ್ ಬಿಟ್ಟು ಕೂರಿಸಿದ. ಮಾರನೇ ದಿನ ಸಂದಿಯ ಧೂಳನ್ನೆಲ್ಲಾ ಬ್ರಷ್‌ನಿಂದ ತೆಗೆದು, ಪಾಲಿಮರ್ ಬೆರೆತ ಗ್ರೌಟನ್ನು ರಬ್ಬರ್ ಪಟ್ಟಿಯಿಂದ ಒತ್ತಿ ಒತ್ತಿ ತುಂಬಿದ. ಅಡುಗೆಮನೆ, ಬಚ್ಚಲಿಗೆ ಸಿಮೆಂಟಿನ ಬದಲು ಅಂಟುರಾಳದ ಎಪಾಕ್ಸಿ ಗ್ರೌಟ್. ಅದಕ್ಕೆ ದುಡ್ಡು ಜಾಸ್ತಿ. ಆದರೆ ಅದು ನೀರು, ಎಣ್ಣೆ ಹೀರೋದಿಲ್ಲ. ಗಾಜಿನಂತೆ ಗಟ್ಟಿಯಾಗಿ ಸುಟ್ಟ ವಿಟ್ರಿಫೈಡ್ ಟೈಲ್ಸ್ ಅಂತೂ ತಮ್ಮ ತೂಕದ ಶೇಕಡಾ 0.5ಕ್ಕಿಂತ ಹೆಚ್ಚು ನೀರು ಕುಡಿಯೋದಿಲ್ಲ. ನೀರು ಕೆಳಗೆ ಇಳಿಯೋ ದಾರಿ ಸಂದಿ ಒಂದೇ. ಇಳಿದ ಮೇಲೆ ಟೈಲ್ಸ್ ಅಡಿಯ ಹಿಡಿತ ಸಡಿಲಾಗುತ್ತದೆ, ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ, ಇರುವೆ ಸಾಲು ಹಿಡಿಯುತ್ತದೆ.

ಅಣ್ಣನಿಗೆ ಹೇಳಿ ಬಂದೆ: ಟೈಲ್ಸ್ ಮುಟ್ಟಬೇಡ, ಸಂದಿ ಮಾತ್ರ ಮಾಡಿಸು. ಹಳೇ ಸಿಮೆಂಟನ್ನು ಆಳದವರೆಗೆ ಕೆರೆದು ತೆಗೆಸಬೇಕು. ಹಳೇದರ ಮೇಲೆ ತೆಳ್ಳಗೆ ಬಳಿದರೆ ಅದು ಚಕ್ಕೆ ಎದ್ದು ಬರುತ್ತದೆ. ಸಿಮೆಂಟ್ ಗ್ರೌಟ್ ಹಾಕಿಸಿದರೆ ಪೂರ್ತಿ ಒಣಗಿದ ಮೇಲೆ ಸೀಲರ್ (ನೀರು, ಕೊಳೆ ಒಳಗೆ ಇಳಿಯದಂತೆ ತಡೆಯುವ ದ್ರವ) ಹಚ್ಚಬೇಕು. ಎಣ್ಣೆ ಕಲೆಗೆ ವಾಷಿಂಗ್ ಸೋಡಾ ಸಾಕು. ಹಟಮಾರಿ ಕಲೆ ಇದ್ದರೆ ಸೋಡಿಯಂ ಪರ್ಕಾರ್ಬೊನೇಟ್ (ಆಕ್ಸಿಜನ್ ಬ್ಲೀಚ್) ಪುಡಿಯನ್ನು ಬಿಸಿನೀರಲ್ಲಿ ಕಲಸಿ ಹಾಕಬಹುದು. ತಂತಿ ಬ್ರಷ್ ಬೇಡವೇ ಬೇಡ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಅಂತ ವಿಡಿಯೋ ಮಾಡೋರನ್ನೂ ನಂಬಬೇಡ, ಎರಡೂ ಸೇರಿದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ನೆಲ ಒರೆಸುವ ಬಕೆಟ್ ನೀರನ್ನು ಕೋಣೆಗೊಮ್ಮೆ ಬದಲಿಸಿದರೆ ಅರ್ಧ ಕೆಲಸ ಮುಗಿದಂತೆ. ಟೈಲ್ಸಿಗಿಂತ ಸಂದಿ ಸ್ವಲ್ಪ ತಗ್ಗಿನಲ್ಲಿರುತ್ತದೆ ಅಲ್ವಾ, ಕೊಳೆನೀರು ನಿಲ್ಲೋದೇ ಅಲ್ಲಿ.

ಅತ್ತಿಗೆ ಕೇಳಿದರು: "ನಿಮ್ಮ ಪುಣೇದಾಗ ಬೋರ್ ನೀರಿಲ್ಲ, ಹೇಳ್ತೀರಿ. ಇಲ್ಲಿ ಬಿಳಿ ಕಲೆ ಕೂತರೆ ಸೋಡಾದಾಗ ಹೋಗ್ತದೇನು?" ಹೋಗೋದಿಲ್ಲ. ಅದನ್ನು ಒಪ್ಪಲೇಬೇಕು. ಭೀಮಾ, ಬೆಣ್ಣೆತೊರೆಯ ನೀರು ನಳದಲ್ಲಿ ದಿನಾ ಬರೋದಿಲ್ಲ. ಬರದ ದಿನ ಬೋರ್ ನೀರೇ ಗತಿ, ಅದು ಗಡಸು. ಒಣಗಿದಲ್ಲೆಲ್ಲಾ ಬಿಳಿ ಉಪ್ಪು ಉಳಿಸುತ್ತದೆ, ಅದನ್ನು ಬಿಡಿಸೋದಕ್ಕೆ ಹುಳಿಯೇ ಬೇಕು. ಬೇಕೇ ಬೇಕಾದರೆ ಸಿಟ್ರಿಕ್ ಆಸಿಡ್ ತೆಳ್ಳಗೆ ಕಲಸಿ ಹಾಕಬಹುದು, ಅದೂ ಟೈಲ್ಸ್ ಮೇಲೆ ಮಾತ್ರ, ಶಹಾಬಾದ್ ಕಲ್ಲಿಗೆ ಬೇಡ. ಮೊದಲು ಸಂದಿಗಳಿಗೆ ಧಾರಾಳ ನೀರು ಹಾಕಬೇಕು. ನೀರು ಕುಡಿದು ತುಂಬಿದ ಸಂದಿ ಹುಳಿಯನ್ನು ಒಳಗೆ ಎಳೆಯೋದು ಕಡಿಮೆ. ಕೆಲ ನಿಮಿಷ ಬಿಟ್ಟು ಪೂರ್ತಿ ತೊಳೆಯಬೇಕು. ಆದರೆ ತೊಳೆಯೋದಕ್ಕೇ ನೀರು ಎಣಿಸಿ ಬಳಸುವ ಮನೆಯಲ್ಲಿ ಇದು ಹೇಳಿದಷ್ಟು ಸುಲಭ ಇಲ್ಲ.

ಬಿಸಿಲಿನ ಮಾತೂ ಇದೆ. 42 ಡಿಗ್ರಿ ದಾಟುವ ಮೇ ತಿಂಗಳಲ್ಲಿ ತುಂಬಿದ ಗ್ರೌಟ್, ಗಟ್ಟಿಯಾಗುವ ಮೊದಲೇ ಒಣಗಿಬಿಡುತ್ತದೆ. ಒಂದೆರಡು ದಿನ ಒದ್ದೆ ಸ್ಪಂಜ್ ಆಡಿಸುತ್ತಾ ಇರಬೇಕು. ಪುಣೆಯ ಗೌಂಡಿಗೆ ಇಷ್ಟು ಬಿಸಿಲಿನ ಕಾಟ ಇಲ್ಲ. ಇನ್ನು ಎರೆ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವ ಆ ನೆಲದ ಮೇಲೆ ಕಟ್ಟಿದ ಮನೆಯಲ್ಲಿ, ಎಷ್ಟೇ ಚೆನ್ನಾಗಿ ತುಂಬಿದರೂ ಸಂದಿ ಬಿರಿಯಬಹುದು. ಅಣ್ಣನ ಪಡಸಾಲೆಯಲ್ಲಿ ಒಂದು ಗೆರೆ ಗೋಡೆಯಿಂದ ಗೋಡೆಗೆ ನೇರವಾಗಿ ಬಿಟ್ಟುಕೊಂಡಿದೆ. ಅದು ಆಸಿಡ್ ಮಾಡಿದ ಕೆಲಸ ಇರಲಿಕ್ಕಿಲ್ಲ. ಅಲ್ಲಿ ಗ್ರೌಟ್ ತರೋ ಮೊದಲು ಅಡಿಪಾಯ ನೋಡಬಲ್ಲ ಎಂಜಿನಿಯರನ್ನು ಕರೆಸು ಅಂದಿದ್ದೇನೆ.